ಗೋಡೆ ಏರಿದ ನಾರುಬಟ್ಟೆ

ವ್ಯಾನು ಕಂಪಾಲಾದ ಟ್ಯಾಕ್ಸಿ ಸ್ಟ್ಯಾಂಡಿಗೆ ಬಂದು ನಿಲ್ಲುವಷ್ಟರಲ್ಲಿ ರೆಸ್ಟಿಯ ಪಾದಗಳು ಊದಿ, ಚರ್ಚಿಗೆ ಹಾಕುವ ಶೂಗಳು ಕಚ್ಚಿ ಹಿಡಿದಿದ್ದವು. ಮಸಾಕಾದಿಂದ ಇಲ್ಲಿಯವರೆಗೂ ಚಕ್ರದ ಮೇಲಿನ ಸೀಟೇ ಗತಿಯಾಗಿತ್ತು. ಮೊಣಕಾಲು ಗಲ್ಲಕ್ಕೆ ತಾಗುವ ಹಾಗೆ ಮುದುರಿಕೊಂಡು, ಮಡಿಸಿದ ಖಾಲಿ ಚೀಲವೊಂದನ್ನು ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳು. ಊರಿಂದ ಕಂಪಾಲಾಕ್ಕೆ ಹೋಗುವವರು ಬಾಳೆಗೊನೆ, ಕೋಳಿ, ಬೀನ್ಸು ಹೊತ್ತುಕೊಂಡು ಹೋಗಿ ಖಾಲಿ ಚೀಲದಲ್ಲಿ ಮರಳುತ್ತಾರೆ. ಇವಳದು ತಿರುಗಾಮುರುಗಾ.

"ಮೂಟೆ ದಾರೀಲಿ ಬಿದ್ದೋಯ್ತಾ ಅಕ್ಕಾ?" ಎಂದು ಇಳಿಸುವಾಗ ಕಂಡಕ್ಟರ್ ಛೇಡಿಸಿದ.

"ಬಿದ್ದಿಲ್ಲ. ತಗೊಂಡೋಗಕ್ಕೆ ಬಂದಿದೀನಿ," ಎಂದಳು.

ತೆಗೆದುಕೊಂಡು ಹೋಗಬೇಕಾಗಿದ್ದು ಅಪ್ಪನ ನಾರುಬಟ್ಟೆ. ಅಪ್ಪ ಬೊನಿಫಾಸ್ ಬದುಕಿಡೀ ಮುಟುಬಾ ಮರದ ತೊಗಟೆ ಸುಲಿದು, ಬೇಯಿಸಿ, ಕೊಡತಿಯಲ್ಲಿ ಬಡಿದು ಬಡಿದು ಬಟ್ಟೆ ಮಾಡಿದವನು. ಕಿವುಮು ಹಳ್ಳಿಯಲ್ಲಿ, ಅದರ ಸುತ್ತಲಿನ ಊರುಗಳಲ್ಲಿ ಮಣ್ಣಿಗಿಳಿದ ಹೆಣಗಳಲ್ಲಿ ಅರ್ಧಕ್ಕರ್ಧ ಅವನ ಬಟ್ಟೆ ಸುತ್ತಿಕೊಂಡೇ ಇಳಿದಿದ್ದವು. ಲಕ್ವ ಹೊಡೆದು ಬಲಗೈ ಬಿದ್ದುಹೋಗುವ ಮುಂಚಿನ ಮಳೆಗಾಲದಲ್ಲಿ ಅವನು ತನಗೆಂದೇ ಒಂದು ಬಟ್ಟೆ ಮಾಡಿ ತಗಡಿನ ಪೆಟ್ಟಿಗೆಯಲ್ಲಿ ಇಟ್ಟಿದ್ದ. ಅವನ ಕೈಯ ಕೊನೆಯ ಕೆಲಸ ಅದು. ಆ ಜಿಲ್ಲೆಯಲ್ಲಿ ಈಗಲೂ ನಾರುಬಟ್ಟೆ ಮಾಡುವವರಿದ್ದಾರೆ. ಅವರೆಲ್ಲರ ಬಗ್ಗೆ ಅಪ್ಪನ ಅಭಿಪ್ರಾಯ ಒಂದೇ. "ಅದು ಬಟ್ಟೆ ಅಲ್ಲ, ಕಾಲೊರೆಸೋ ಚೀಲ. ಅವನ್ಯಾವನೋ ಬಡಿದಿದ್ದನ್ನ ಸುತ್ಕೊಂಡು ನಾನು ಮೇಲಕ್ಕೋದ್ರೆ ನಮ್ಮಪ್ಪ, ತಾತ ಎಲ್ಲ ಕೂತ್ಕೊಂಡು ನಗ್ತಾರೆ." ಅರ್ಧ ಬಾಯಲ್ಲಿ ಮಾತಾಡುವವನಾದರೂ ಈ ಮಾತು ಮಾತ್ರ ಸ್ಪಷ್ಟವಾಗಿಯೇ ಬರುತ್ತಿತ್ತು.

ಹೋದ ವಾರ ಬಿಸಿಲು ಚೆನ್ನಾಗಿತ್ತು. ಬಟ್ಟೆಯನ್ನು ಹೊರಗೆ ಹರವು ಎಂದು ಅಪ್ಪ ಹೇಳಿದ. ರೆಸ್ಟಿ ಪೆಟ್ಟಿಗೆ ತೆರೆದಳು. ಒಳಗೆ ಆಸ್ಪತ್ರೆಯ ಹಳೆಯ ಕಂಬಳಿಯೊಂದು ಬಟ್ಟೆಯ ಅಳತೆಗೇ ಮಡಚಿಕೊಂಡು, ನುಸಿಗುಳಿಗೆಯನ್ನೂ ಇಡಿಸಿಕೊಂಡು ಮಲಗಿತ್ತು. ಕದಿಯುವಾಗಲೂ ಇಷ್ಟು ಒಪ್ಪವಾಗಿ ಕದಿಯುವವನು ಅವರ ಮನೆಯಲ್ಲಿ ಒಬ್ಬನೇ, ಅವಳ ತಮ್ಮ ಗೊನ್ಜಾಗಾ. ಈಸ್ಟರಿಗೆ ಬಂದು ಹೋಗಿದ್ದ.

ರೆಸ್ಟಿ ಅವನಿಗೆ ಫೋನ್ ಮಾಡಿದಳು. "ಕಳ್ದೋಗಿಲ್ಲ ಅಕ್ಕ. ಚೆನ್ನಾಗಿದೆ. ನನಗಿಂತ ಚೆನ್ನಾಗಿದೆ. ನೀನು ಶನಿವಾರ ಬಾ, ತೋರಿಸ್ತೀನಿ. ನಿಂಗೂ ಒಂದಿನ ಮನೆಯಿಂದ ಹೊರಗೆ ಬಂದಂಗಾಗತ್ತೆ," ಎಂದ.

ಅಪ್ಪನಿಗೆ ಅವಳು ಬಟ್ಟೆ ತೇವ ಹಿಡಿದಿದೆ, ಹಿತ್ತಿಲಲ್ಲಿ ಒಣಹಾಕಿದ್ದೇನೆ ಎಂದಳು. ಮರುದಿನ ಕೇಳಿದ. ಅದರ ಮರುದಿನವೂ ಕೇಳಿದ. "ಎಂಥಾ ಬಿಸಿಲೇ ನಿನ್ನದು, ವಾರಗಟ್ಟಲೆ ಒಣಗಿಸತ್ತೆ?" ಎಂದು ಎಡಗಣ್ಣಿನಿಂದ ಅವಳನ್ನೇ ನೋಡುತ್ತ ಕೇಳಿದ. ಡಾಕ್ಟರು ಇನ್ನೊಂದು ಸಲ ಲಕ್ವ ಹೊಡೆದರೆ ಕಷ್ಟ ಎಂದಿದ್ದರು. ಯಾವತ್ತು ಎಂದು ಹೇಳಿರಲಿಲ್ಲ. ರೆಸ್ಟಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಅಪ್ಪ ಕೆಮ್ಮಿದರೆ ಎಚ್ಚರ, ಕೆಮ್ಮದಿದ್ದರೆ ಇನ್ನೂ ಎಚ್ಚರ. ಮಸಾಕಾದಲ್ಲಿದ್ದ ಹೊಲಿಗೆ ಅಂಗಡಿ ಮುಚ್ಚಿ ಊರಿಗೆ ಬಂದು ಎರಡು ವರ್ಷವಾಗುತ್ತ ಬಂದಿತ್ತು. ಈ ಶನಿವಾರ ಪಕ್ಕದ ಮನೆಯ ನಲೊಂಗೊಳನ್ನು ಕಾವಲಿಗೆ ಕೂರಿಸಿ ಬಂದಿದ್ದಳು. ಅವಳಿ ಹೆತ್ತವಳಾದ್ದರಿಂದ ಊರೆಲ್ಲ ಅವಳನ್ನು ಕರೆಯುವುದೇ ನಲೊಂಗೊ ಎಂದು. ಸ್ವಂತ ಹೆಸರು ಅವಳಿಗೇ ಮರೆತಿರಬೇಕು.

ಗೊನ್ಜಾಗಾ ರೋಲೆಕ್ಸ್ ಚಪಾತಿ ಮಾಡುವವನ ಗಾಡಿಯ ಹತ್ತಿರ ನಿಂತಿದ್ದ. ಗಡ್ಡ ಬಿಟ್ಟಿದ್ದ, ಕಿವಿಗೊಂದು ರಿಂಗು. ಮೊಟ್ಟೆ ಸುತ್ತಿದ ಬಿಸಿ ಚಪಾತಿಯನ್ನು ಅವಳ ಕೈಗೆ ಹಿಡಿಸಿದ.

"ಮೊದಲು ತಿನ್ನು. ಆಮೇಲೆ ಬೈಯುವಂತೆ."

"ತಿಂತಾ ತಿಂತಾನೇ ಬೈತೀನಿ. ಕಳ್ಳನ ಮಗನೇ."

"ಬೈಯಕ್ಕ, ಬೈ. ನಮ್ಮಪ್ಪಂಗೇ ಬೀಳತ್ತೆ ಅದು."

ಅವಳಿಗೆ ನಗು ಬಂತು. ಬಂದಿದ್ದಕ್ಕೆ ಸಿಟ್ಟೂ ಬಂತು. ಚಪಾತಿ ತಿಂದಳು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ.

ಅವನು ಕರೆದೊಯ್ದದ್ದು ಒಂದು ಕಲಾಪ್ರದರ್ಶನಕ್ಕೆ. ಅದು ನಡೆಯುತ್ತಿದ್ದದ್ದು ಕಾರ್ಖಾನೆಗಳ ಬೀದಿಯಲ್ಲಿದ್ದ ಒಂದು ಹಳೆಯ ಕಾಫಿ ಗೋದಾಮಿನಲ್ಲಿ. ಗೊನ್ಜಾಗಾ ಅಲ್ಲಿ ಮೊಳೆ ಹೊಡೆಯುವ, ಏಣಿ ಹತ್ತುವ, ದೀಪ ಕಟ್ಟುವ ಕೆಲಸಕ್ಕೆ ಸೇರಿ ಆರೇಳು ತಿಂಗಳಾಗಿತ್ತು. ಬಾಗಿಲಿನ ಕಾವಲುಗಾರ ಅವನಿಗೆ ಸಲಾಮು ಹೊಡೆದು ರೆಸ್ಟಿಯ ಖಾಲಿ ಚೀಲವನ್ನು ಒಳಗೂ ಹೊರಗೂ ತಿರುಗಿಸಿ ನೋಡಿದ.

"ಏನೂ ಇಲ್ಲವಲ್ಲ ಇದರಲ್ಲಿ?"

"ಹೊರಗೆ ಬರುವಾಗ ಇರತ್ತೆ," ಎಂದಳು ರೆಸ್ಟಿ.

ಕಾವಲುಗಾರ ನಕ್ಕ. ಗೊನ್ಜಾಗಾ ನಗಲಿಲ್ಲ.

ಒಳಗೆ ಕಾಲಿಟ್ಟವನು ಬಟ್ಟೆಯ ಸುದ್ದಿಯನ್ನೇ ಎತ್ತದೆ ಅವಳನ್ನು ಕೋಣೆಯಿಂದ ಕೋಣೆಗೆ ಎಳೆದಾಡತೊಡಗಿದ. ಒಂದು ಕೋಣೆಯಲ್ಲಿ ಮುರಿದ ಪ್ಲಾಸ್ಟಿಕ್ ಕುರ್ಚಿಗಳು ಸೂರಿನಿಂದ ಬಾವಲಿಗಳ ಹಾಗೆ ತಲೆಕೆಳಗಾಗಿ ನೇತಾಡುತ್ತಿದ್ದವು. ಇನ್ನೊಂದರಲ್ಲಿ ಬಾಡಿಗೆಗೆ ಓಡಿಸುವ ಒಂದು ಬೋಡಾ ಬೈಕಿಗೆ ಹೆಂಗಸರ ಚೌರಿಗೂದಲನ್ನು ಮೈತುಂಬ ಹೆಣೆದಿದ್ದರು; ಹ್ಯಾಂಡಲ್ಲಿಂದ ಜಡೆಗಳು ಇಳಿಬಿದ್ದಿದ್ದವು.

"ಹೆಂಗಿದೆ?"

"ಪೆಟ್ರೋಲ್ ಎಲ್ಲಿಂದ ಹಾಕ್ತಾರೆ?"

"ಅಕ್ಕ, ಅದು ಓಡಿಸಕ್ಕಲ್ಲ."

"ಮತ್ತೆ ಇನ್ನೇನಕ್ಕೆ?"

"ನೋಡಕ್ಕೆ. ನೋಡಿ ಯೋಚನೆ ಮಾಡಕ್ಕೆ."

"ಯೋಚನೆ ಮಾಡಕ್ಕೆ ನಂಗೆ ಬೈಕ್ ಬೇಕಾಗಿಲ್ಲ ಕಣೋ. ಮನೇಲೇ ಬೇಕಾದಷ್ಟಿದೆ."

ಅವಳು ನೋಡುತ್ತಿದ್ದದ್ದು ಕೂರಲು ಜಾಗ. ಎಲ್ಲಿಯೂ ಇರಲಿಲ್ಲ. ಇಷ್ಟು ದೊಡ್ಡ ಕಟ್ಟಡ ಕಟ್ಟಿ, ಇಷ್ಟು ಜನರನ್ನು ಕರೆದು, ಯಾರೂ ಕೂರಬಾರದು ಎಂದು ಯೋಚಿಸಿದವರು ಯಾರೋ ತಿಳಿಯದು. ಕೊನೆಗೆ ಕತ್ತಲ ಕೋಣೆಯೊಂದರಲ್ಲಿ ಉದ್ದ ಬೆಂಚು ಕಂಡಿತು. ಎದುರಿನ ಪರದೆಯ ಮೇಲೆ ಒಬ್ಬ ಮನುಷ್ಯ ಸರೋವರದ ದಡದಲ್ಲಿ ಹಿಮ್ಮುಖವಾಗಿ ನಡೆಯುತ್ತಿದ್ದ. ಅವನು ನಡೆದೇ ನಡೆದ. ರೆಸ್ಟಿ ಶೂ ಕಳಚಿ ಅಂಗಾಲನ್ನು ತಣ್ಣನೆಯ ಸಿಮೆಂಟಿಗೆ ಒತ್ತಿ ಕೂತದ್ದೊಂದೇ ನೆನಪು.

ಎಚ್ಚರವಾದಾಗ ಅವಳ ತಲೆ ತಮ್ಮನ ಹೆಗಲ ಮೇಲಿತ್ತು. ಅವನ ಅಂಗಿಗೆ ಅವಳ ಜೊಲ್ಲು ಹತ್ತಿತ್ತು. ಪರದೆಯ ಮೇಲೆ ಅದೇ ಮನುಷ್ಯ ಅದೇ ದಡದಲ್ಲಿ ನಡೆಯುತ್ತಲೇ ಇದ್ದ.

"ಇವನಿನ್ನೂ ಮನೆ ಮುಟ್ಟಿಲ್ವಾ?"

"ಮೂರನೇ ಸಲ ಹೊರಟಿದಾನೆ," ಎಂದ ಗೊನ್ಜಾಗಾ. "ಎಷ್ಟು ದಿನ ಆಯ್ತಕ್ಕ, ನೀನು ಮಲಗಿ?"

ಅವಳು ಶೂ ಮತ್ತೆ ಹಾಕಿಕೊಳ್ಳಲು ಹೋದರೆ ಕಾಲು ಒಳಹೊಗಲಿಲ್ಲ. ಎರಡನ್ನೂ ಚೀಲಕ್ಕೆ ಹಾಕಿಕೊಂಡು ಬರಿಗಾಲಲ್ಲಿ ಎದ್ದು ನಿಂತಳು. "ಆಯ್ತು. ಬೈಕ್ ತೋರಿಸ್ದೆ, ಕುರ್ಚಿ ತೋರಿಸ್ದೆ, ನಿದ್ದೆನೂ ಮಾಡಿಸ್ದೆ. ಈಗ ಬಟ್ಟೆ ತೋರಿಸು."

ಬಟ್ಟೆ ಇದ್ದದ್ದು ಕೊನೆಯ ಹಜಾರದಲ್ಲಿ. ಗೋದಾಮಿನ ಇಡೀ ಒಂದು ಗೋಡೆ, ನೆಲದಿಂದ ಸೂರಿನವರೆಗೆ, ನಾರುಬಟ್ಟೆಯಿಂದ ತುಂಬಿತ್ತು. ಬೇರೆ ಬೇರೆ ಊರುಗಳ, ಬೇರೆ ಬೇರೆ ಕೈಗಳ ಬಟ್ಟೆಗಳನ್ನು ದಪ್ಪ ಕಪ್ಪು ದಾರದಿಂದ ಒಂದಕ್ಕೊಂದು ಹೊಲಿದಿದ್ದರು. ಮೇಲಿನಿಂದ ದೀಪ ಬಿದ್ದು ಗೋಡೆ ಸುಟ್ಟ ಇಟ್ಟಿಗೆಯ ಬಣ್ಣದಲ್ಲಿ ಉಸಿರಾಡುವಂತೆ ಕಾಣುತ್ತಿತ್ತು. ನೋಡಲು ಬಂದವರೆಲ್ಲ ಪಿಸುಮಾತಿಗಿಳಿದಿದ್ದರು. ಅಂಚಿನಲ್ಲಿ ನಿಂತಿದ್ದ ಮುದುಕಿಯೊಬ್ಬಳು, ಯಾರ ಮನೆಯ ಹೆಣ ಎಂದು ಗೊತ್ತಿಲ್ಲದಿದ್ದರೂ, ಸುಮ್ಮನೆ ಇರಲಿ ಎಂದು ಮಂಡಿಯೂರಿ ಎದ್ದಳು.

ರೆಸ್ಟಿ ಹುಡುಕಬೇಕಾಗಲಿಲ್ಲ. ಅಪ್ಪನ ಬಟ್ಟೆ ನಟ್ಟನಡುವೆ ಇತ್ತು. ಸುತ್ತಲಿನವು ಅದರ ಪಕ್ಕದಲ್ಲಿ ಒರಟಾಗಿ ಕಾಣುತ್ತಿದ್ದವು. ಅದು ಇದ್ದದ್ದೇ. ಕೆಳಗಿನ ಚೀಟಿಯಲ್ಲಿ ಎಲ್ಲರ ಹೆಸರಿನ ಜೊತೆ ಅಪ್ಪನದೂ ಇತ್ತು: ಬೊನಿಫಾಸ್ ಸೆಮಾಂಡ, ಕಿವುಮು ಹಳ್ಳಿ, ಮಸಾಕಾ.

"ನೋಡಕ್ಕ," ಎಂದ ಗೊನ್ಜಾಗಾ. ಅವನ ದನಿ ಬದಲಾಗಿತ್ತು. "ಅಪ್ಪನ ಹೆಸರು. ಇಲ್ಲಿಗೆ ದೊಡ್ಡದೊಡ್ಡೋರೆಲ್ಲ ಬಂದು ಓದಿ ಹೋಗ್ತಾರೆ. ಮಣ್ಣಲ್ಲಿ ಹಾಕಿದ್ರೆ ಒಂದು ಮಳೆಗಾಲಕ್ಕೆ ಗೆದ್ದಲು ತಿಂದು ಮುಗಿಸತ್ತೆ."

"ತಿನ್ನಲಿ ಅಂತಾನೇ ಮಾಡಿರೋದು ಕಣೋ ಅದನ್ನ."

"ನಂಗೆ ಗೊತ್ತಿಲ್ವಾ?"

"ಗೊತ್ತಿದ್ದೂ ತಂದ್ಯಾ? ದಿನಾ ಕೇಳ್ತಾರೆ. ನಾನು ಏನು ಹೇಳ್ಲಿ? ನಾಳೆ ಬೆಳಗ್ಗೆ ಹೊಡೀತು ಅಂದ್ಕೋ, ಆ ಆಸ್ಪತ್ರೆ ಕಂಬಳೀಲಿ ಸುತ್ಲಾ? ಇಳಿಸು. ಏಣಿ ತಾ."

ಆಗ ಅವನು ನಿಜ ಹೇಳಿದ. ಪ್ರದರ್ಶನ ಮುಗಿದ ಮೇಲೆ ಬಟ್ಟೆ ವಾಪಸ್ ಕೊಡುವ ಮಾತಾಗಿತ್ತು. ಮೊನ್ನೆ ಹೊರದೇಶದ ಒಂದು ಮ್ಯೂಸಿಯಂ ಇಡೀ ಗೋಡೆಯನ್ನೇ ಕೊಂಡುಕೊಂಡಿತು. ಸೋಮವಾರ ಮರದ ಪೆಟ್ಟಿಗೆಗಳು ಬರುತ್ತವೆ. ಅದಕ್ಕೇ ಅವನು ಅವಳನ್ನು ಈ ಶನಿವಾರವೇ ಕರೆಸಿದ್ದು. "ಹೋಗೋಕ್ಮುಂಚೆ ಒಂದ್ಸಲ ನೋಡ್ಲಿ ಅಂತ."

"ನೋಡಕ್ಕೆ," ಎಂದಳು ರೆಸ್ಟಿ. "ನೋಡಿ ಯೋಚನೆ ಮಾಡಕ್ಕೆ."

ಗೊನ್ಜಾಗಾ ಹೋಗಿ ಆ ಗೋಡೆ ಮಾಡಿದ ಕಲಾವಿದೆಯನ್ನು ಕರೆದುಕೊಂಡು ಬಂದ. ಕೆವಿನಾ ಅವಳ ಹೆಸರು. ಮೂವತ್ತೈದರ ಆಸುಪಾಸು, ಬೋಳಿಸಿದ ತಲೆ, ಬಣ್ಣ ಮೆತ್ತಿದ ಪ್ಯಾಂಟು. ಒಳ್ಳೆಯವಳೇ. ರೆಸ್ಟಿಯ ಎರಡೂ ಕೈ ಹಿಡಿದುಕೊಂಡು, ನಿಮ್ಮ ತಂದೆಯ ಬಟ್ಟೆಯಿಂದಲೇ ಈ ಗೋಡೆಗೆ ಜೀವ ಬಂದಿದ್ದು, ಇದು ಸಿಕ್ಕಿದ ಮೇಲೆ ಉಳಿದವುಗಳನ್ನು ಇದರ ಸುತ್ತ ಜೋಡಿಸಿದೆ, ಎಂದಳು. ಅದಕ್ಕೇ ಇಳಿಸಲು ಆಗುವುದಿಲ್ಲ. ಒಪ್ಪಂದಕ್ಕೆ ಸಹಿ ಆಗಿದೆ.

"ನಾನು ನಿಮಗೆ ಇನ್ನೊಂದು ಕೊಡಿಸ್ತೀನಿ ಅಕ್ಕ. ಒಳ್ಳೇದು. ನಿಮ್ಮ ಜಿಲ್ಲೇದೇ, ದೊಡ್ಡ ಕೆಲಸಗಾರನ ಕೈಯ್ದು."

"ನಮ್ಮಪ್ಪ ಅದನ್ನ ಕಾಲೊರೆಸೋ ಚೀಲ ಅಂತಾರೆ."

ಕೆವಿನಾ ಗೊನ್ಜಾಗಾನ ಕಡೆ ನೋಡಿದಳು. ಗೊನ್ಜಾಗಾ ನೆಲ ನೋಡಿದ. ರೆಸ್ಟಿಗೆ ಇನ್ನು ವಾದ ಮಾಡುವ ಶಕ್ತಿ ಇರಲಿಲ್ಲ. ಬರಿಗಾಲಲ್ಲಿ ನಿಂತು ಗೋಡೆಯನ್ನೇ ನೋಡುತ್ತ, ಖಾಲಿ ಚೀಲದೊಡನೆ ಮನೆಗೆ ಹೋಗಿ ಅಪ್ಪನ ಎಡಗಣ್ಣಿಗೆ ಏನು ಹೇಳುವುದೆಂದು ಹುಡುಕುತ್ತಿದ್ದಳು. ಏನೂ ಸಿಗಲಿಲ್ಲ. ಅಳು ಬಂದರೂ ಆಗುತ್ತಿತ್ತು, ಅದೂ ಬರಲಿಲ್ಲ. ಆಕಳಿಕೆ ಬಂತು.

ಆ ಆಕಳಿಕೆ ನೋಡಿ ಗೊನ್ಜಾಗಾಗೆ ಏನಾಯಿತೋ.

"ಕೆವಿನಾ," ಎಂದ. "ಅಕ್ಕ ಹೇಳಕ್ಕಾಗ್ದೆ ಒದ್ದಾಡ್ತಿದಾಳೆ. ಅಪ್ಪ ಇವತ್ತು ಬೆಳಗ್ಗೆ ಹೋಗ್ಬಿಟ್ರು."

ರೆಸ್ಟಿ ತಲೆಯೆತ್ತಿದಳು. ಅವಳ ಬಾಯಿ ಇನ್ನೂ ಅರ್ಧ ತೆರೆದಿತ್ತು. ಇಲ್ಲ ಎನ್ನಲು ಅಷ್ಟು ಸಾಕಾಗಿತ್ತು. ಆದರೆ ಅಷ್ಟರಲ್ಲಿ ಕೆವಿನಾ ಬಣ್ಣದ ಪ್ಯಾಂಟಿನಲ್ಲೇ ಅವಳ ಎದುರು ಮಂಡಿಯೂರಿ ಆಗಿತ್ತು. ವಿದೇಶದಲ್ಲಿ ಓದಿದವಳು, ಸಹಿ ಹಾಕಿದವಳು. ಆದರೂ ಸತ್ತವನ ಬಟ್ಟೆಯನ್ನು ಗೋಡೆಯ ಮೇಲೆ ಇಟ್ಟುಕೊಳ್ಳುವಷ್ಟು ಧೈರ್ಯ ಬುಗಾಂಡಾದಲ್ಲಿ ಹುಟ್ಟಿದ ಯಾರಿಗೂ ಇರುವುದಿಲ್ಲ.

"ಅಯ್ಯೋ, ಎಂಥಾ ಅನ್ಯಾಯ ಆಯ್ತಕ್ಕ. ನಾನು ಒಪ್ಪಂದ, ಸಹಿ ಅಂತ ಮಾತಾಡ್ತಾ ನಿಂತಿದೀನಿ. ನೀವು ಮೊದಲೇ ಹೇಳಬಾರದಾ?"

ರೆಸ್ಟಿ ಬಾಯಿ ಮುಚ್ಚಿದಳು. ಅಷ್ಟೇ ಅವಳು ಮಾಡಿದ್ದು.

ಏಣಿ ಬಂತು. ಕೆವಿನಾ ಯಾರನ್ನೂ ಹತ್ತಗೊಡದೆ ತಾನೇ ಹತ್ತಿ, ಸಣ್ಣ ಕತ್ತರಿಯಿಂದ ಕಪ್ಪು ಹೊಲಿಗೆಗಳನ್ನು ಒಂದೊಂದಾಗಿ ಕತ್ತರಿಸಿದಳು. ಬಟ್ಟೆ ಭಾರವಾಗಿ, ಸದ್ದಿಲ್ಲದೆ ಇಳಿಯಿತು. ಕೆಳಗೆ ನಿಂತು ಹಿಡಿದುಕೊಂಡ ರೆಸ್ಟಿಯ ಮೂಗಿಗೆ ಹೊಗೆಯ, ಒಣಮಣ್ಣಿನ ವಾಸನೆ ಹೊಡೆಯಿತು. ಅಂಚಿನ ಸುತ್ತ ಸೂಜಿಯ ತೂತುಗಳಿದ್ದವು. ಮಡಚಿ ಚೀಲಕ್ಕೆ ತುಂಬಿದಳು, ಶೂಗಳನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡಳು. ಕೆವಿನಾ ಒಂದು ಲಕೋಟೆಯನ್ನು ಅವಳ ಅಂಗೈಗೆ ಒತ್ತಿದಳು. ಸಾವಿನ ಮನೆಗೆ ಕೊಡುವ ಹಣ, ನಾರುಬಟ್ಟೆ ಕಾಣಿಕೆ ಎನ್ನುವುದು. ಬೇಡ ಎಂದರೆ ಕೇಳುವುದಿಲ್ಲ, ಬೇಡ ಎನ್ನುವ ಪದ್ಧತಿಯೂ ಇಲ್ಲ.

ಬಾಗಿಲ ಹತ್ತಿರ ತಿರುಗಿ ನೋಡಿದರೆ, ಕೆವಿನಾ ಕೈಕಟ್ಟಿ ಗೋಡೆಯ ನಡುವಿನ ಖಾಲಿ ಚೌಕವನ್ನು ನೋಡುತ್ತ ನಿಂತಿದ್ದಳು. ತಲೆ ಒಂದು ಕಡೆ ವಾಲಿತ್ತು.

"ಅವಳಿಗೆ ಅದೂ ಇಷ್ಟ ಆಗ್ತಿದೆ ಅನ್ಸತ್ತೆ," ಎಂದ ಗೊನ್ಜಾಗಾ.

"ಬಾಯ್ಮುಚ್ಚು. ಅಪ್ಪನ್ನ ಕೊಂದುಬಂದೋನು ನೀನು."

"ನೀನೂ ಪಕ್ಕದಲ್ಲೇ ನಿಂತಿದ್ದೆ."

ರೆಸ್ಟಿ ಚೀಲವನ್ನು ಹೆಗಲಿಗೇರಿಸಿ ಬರಿಗಾಲಲ್ಲೇ ಮುಂದೆ ನಡೆದಳು.

ಅವನೂ ಅವಳ ಜೊತೆ ಊರಿಗೆ ಹೊರಟ. ಅವಳು ಬಾ ಎಂದಿರಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಮಸಾಕಾ ವ್ಯಾನಿನ ಕಂಡಕ್ಟರ್ ಚೀಲವನ್ನು ಸೀಟಿನಡಿ ತುರುಕಲು ಎಳೆದ. ಅದರ ಬಾಯಿಯಿಂದ ಕೆಂಪು ಬಟ್ಟೆಯ ಅಂಚು ಇಣುಕಿದ್ದನ್ನು ನೋಡಿ ಕೈ ತೆಗೆದ. ಮುಂದಿನ ಸೀಟಿನ ಇಬ್ಬರು ಹುಡುಗರನ್ನು ಎಬ್ಬಿಸಿ ಅಕ್ಕ ತಮ್ಮನನ್ನು ಕೂರಿಸಿದ. ಬೆಳಿಗ್ಗೆ ಬಂದಾಗ ಚಕ್ರದ ಮೇಲೆ ಮುದುರಿಕೊಂಡಿದ್ದವಳಿಗೆ ಈಗ ಕಾಲು ಚಾಚುವಷ್ಟು ಜಾಗ.

"ಯಾರು ಹೋದ್ರಮ್ಮ?" ಎಂದು ಹಿಂದಿನಿಂದ ಒಬ್ಬ ಹೆಂಗಸು ಮೆಲ್ಲಗೆ ಕೇಳಿದಳು.

"ಯಾರೂ..." ಎಂದು ರೆಸ್ಟಿ ಶುರುಮಾಡಿದಳು.

"ಅವಳಿಂದ ಹೇಳಿಸ್ಬೇಡಿ, ಪಾಪ," ಎಂದ ಇನ್ನೊಬ್ಬ. "ಮುಖ ನೋಡಿದ್ರೆ ಗೊತ್ತಾಗಲ್ವಾ?"

ಮುಖದಲ್ಲಿ ಇದ್ದದ್ದು ಎರಡು ವರ್ಷದ ನಿದ್ದೆ. ಅದನ್ನು ವ್ಯಾನಿಗೆಲ್ಲ ಬಿಡಿಸಿ ಹೇಳುವುದಕ್ಕಿಂತ ಸುಮ್ಮನಿರುವುದು ಸುಲಭವಿತ್ತು. ನೋಟುಗಳು ಕೈಯಿಂದ ಕೈಗೆ ಮುಂದೆ ಬಂದವು. ಗೊನ್ಜಾಗಾ ತಲೆತಗ್ಗಿಸಿ ತೆಗೆದುಕೊಂಡ. ನಲೊಂಗೊಗೆ ಫೋನ್ ಮಾಡೋಣವೆಂದರೆ ಅವಳ ಫೋನು ಆಫ್ ಆಗಿತ್ತು; ಅದು ಚಾರ್ಜ್ ಆಗುವುದೇ ಭಾನುವಾರ, ಚರ್ಚಿನ ಹಿಂದೆ.

ವ್ಯಾನು ಲುಕಾಯಾದಲ್ಲಿ ನಿಂತಾಗ ಸುಟ್ಟ ಕೋಳಿಯ ಕಡ್ಡಿಗಳು ಕಿಟಕಿಯೊಳಗೆ ನುಗ್ಗಿದವು. ಯಾರೋ ಇಬ್ಬರಿಗೂ ಕೊಡಿಸಿದರು. ಅಳುವವರು ತಿನ್ನುವುದಿಲ್ಲ ಎಂದುಕೊಂಡು ರೆಸ್ಟಿ ಮೊದಲು ತಿನ್ನಲಿಲ್ಲ. ಆಮೇಲೆ ಹಸಿವಾಗಿ ತಿಂದಳು. ಆಗಲೇ ಡ್ರೈವರ್ ರೇಡಿಯೋ ಜೋರು ಮಾಡಿದ. ಸಾವಿನ ಸುದ್ದಿ ಓದುವ ಹೊತ್ತು. ಆ ಹೊತ್ತಿಗೆ ಯಾರೂ ಮಾತಾಡುವುದಿಲ್ಲ, ನಮ್ಮವರು ಯಾರಿದ್ದಾರೋ ಎಂದು ಕಿವಿ ಕೊಡುತ್ತಾರೆ.

"...ಮಸಾಕಾದ ಕಿವುಮು ಹಳ್ಳಿಯ, ನಾರುಬಟ್ಟೆಯ ಹಿರಿಯ ಕೆಲಸಗಾರ ಬೊನಿಫಾಸ್ ಸೆಮಾಂಡ ಅವರು ಇಂದು ಬೆಳಿಗ್ಗೆ ದೈವಾಧೀನರಾದರೆಂದು ಕಂಪಾಲಾದ ಕಲಾವಿದರ ಬಳಗದವರು ವಿಷಾದದಿಂದ ತಿಳಿಸಿದ್ದಾರೆ. ಬಂಧುಗಳು, ಸ್ನೇಹಿತರು ಎಲ್ಲಿದ್ದರೂ ಮನೆಗೆ ಬರತಕ್ಕದ್ದು..."

ಕೋಳಿ ಗೊನ್ಜಾಗಾನ ಗಂಟಲಲ್ಲಿ ಸಿಕ್ಕಿಕೊಂಡಿತು. ಹಿಂದಿನವರು ಅವನ ಬೆನ್ನು ತಟ್ಟಿದರು. ಅಳ್ತಾನೆ ಪಾಪ, ಎಂದರು.

"ಚೀಟಿ," ಎಂದು ಅವನು ಕೆಮ್ಮಿನ ನಡುವೆ ಅಕ್ಕನ ಕಿವಿಯಲ್ಲಿ ಉಸುರಿದ. "ಗೋಡೆ ಮೇಲಿನ ಚೀಟಿ. ಹೆಸರು, ಊರು ಎಲ್ಲ ಅದರಲ್ಲೇ ಇತ್ತು. ಕೆವಿನಾ ಒಳ್ಳೇದಾಗ್ಲಿ ಅಂತ ರೇಡಿಯೋಗೆ ಕೊಟ್ಟಿರ್ತಾಳೆ."

ರೆಸ್ಟಿ ಕಣ್ಣು ಮುಚ್ಚಿದಳು. ಅಪ್ಪನ ತಲೆದಿಂಬಿನ ಪಕ್ಕ ಇರುವುದು ಒಂದೇ ವಸ್ತು: ರೇಡಿಯೋ. ಅದು ಆರುವುದೇ ಇಲ್ಲ. ಸಾವಿನ ಸುದ್ದಿಯ ಹೊತ್ತಂತೂ ಅವನು ತಪ್ಪಿಸಿಕೊಳ್ಳುತ್ತಲೇ ಇರಲಿಲ್ಲ. ಎಷ್ಟು ಬಟ್ಟೆ ಬೇಕಾಗಬಹುದು ಎಂದು ಕೇಳಿಸಿಕೊಳ್ಳುತ್ತಿದ್ದ ಕಾಲದ ಅಭ್ಯಾಸ. ಇನ್ನೊಂದು ಸಲ ಹೊಡೆದರೆ ಕಷ್ಟ ಎಂದಿದ್ದರು ಡಾಕ್ಟರು. ಈ ಸುದ್ದಿ ಕೇಳಿಯೇ ಹೊಡೆದಿದ್ದರೆ? ಬಟ್ಟೆ ಸಿಕ್ಕಿತು, ಅದಕ್ಕೆ ಬೇಕಾದ ಹೆಣವನ್ನೂ ತಾವೇ ಒದಗಿಸಿದಂತಾಯಿತು. ಚೀಲವನ್ನು ಎದೆಗೆ ಒತ್ತಿ ಹಿಡಿದಳು. ಮಸಾಕಾದಲ್ಲಿ ಇಳಿದು ಒಂದೇ ಬೋಡಾದ ಹಿಂದೆ ಇಬ್ಬರೂ ಹತ್ತಿ, ಕೆಂಪು ಧೂಳಿನಲ್ಲಿ ಊರ ಕಡೆ ಹೊರಟರು.

ಸೂರ್ಯ ಇನ್ನೂ ಪೂರ್ತಿ ಇಳಿದಿರಲಿಲ್ಲ. ಅಂಗಳದಲ್ಲಿ ಜನ ಇದ್ದರು. ಬೇಲಿಗೆ ಒರಗಿಸಿದ ಸೈಕಲ್ಲುಗಳು, ಬಾಳೆಗೊನೆಗಳು, ಸೌದೆ. ಯಾರೋ ಆಗಲೇ ಬೆಂಕಿ ಹೊತ್ತಿಸಿದ್ದರು. ಚಾಪೆಗಳ ಮೇಲೆ ಹೆಂಗಸರು ಕೂತಿದ್ದರು. ರೆಸ್ಟಿಯ ಕಾಲು ಬೋಡಾದಿಂದ ಇಳಿದದ್ದು ಅವಳಿಗೇ ತಿಳಿಯಲಿಲ್ಲ.

ಹಲಸಿನ ಮರದ ಕೆಳಗೆ, ಕುರ್ಚಿಯಲ್ಲಿ, ದಿಂಬಿಗೊರಗಿ ಅಪ್ಪ ಕೂತಿದ್ದ. ತೊಡೆಯ ಮೇಲೆ ರೇಡಿಯೋ.

"ಬಂದ್ರಾ?" ಎಂದ ಅರ್ಧ ಬಾಯಲ್ಲಿ. "ನನ್ನ ಸಾವಿಗೆ ಊರೆಲ್ಲ ಬಂತು. ಮಕ್ಕಳೇ ಕೊನೇಗೆ ಬಂದ್ರಲ್ಲೋ."

ಅಂಗಳ ನಕ್ಕಿತು. ನಲೊಂಗೊ ಓಡಿಬಂದು ರೆಸ್ಟಿಯ ತೋಳು ಹಿಡಿದಳು. "ಬದುಕಿದಾರೆ ಬದುಕಿದಾರೆ ಅಂತ ಹೇಳೀ ಹೇಳೀ ನನ್ನ ಗಂಟಲು ಹೋಯ್ತು ಕಣೇ. ರೇಡಿಯೋದಲ್ಲಿ ಬಂದ ಮೇಲೆ ನಿನ್ನ ಮಾತು ಹೆಂಗೆ ನಂಬೋದು ಅಂತ ನನ್ನನ್ನೇ ಕೇಳ್ತಾರೆ. ಒಳಗೆ ಬಂದು ಮೂಗಿಗೆ ಕೈ ಇಟ್ಟು ನೋಡಿದಾರೆ!"

"ಮತ್ತೆ ವಾಪಸ್ ಹೋಗಿಲ್ಲ?"

"ಗೊನೆ ಹೊತ್ಕೊಂಡು ಇಷ್ಟು ದೂರ ಬಂದಿದಾರೆ. ಊಟ ಮಾಡದೆ ಹೋಗ್ತಾರಾ?"

ಗೊನ್ಜಾಗಾ ಅಪ್ಪನ ಕಾಲ ಬಳಿ ಮಂಡಿಯೂರಿ ಎಲ್ಲವನ್ನೂ ಹೇಳಿದ. ಪೆಟ್ಟಿಗೆ, ಕಂಬಳಿ, ಗೋಡೆ, ಮ್ಯೂಸಿಯಂ, ಸುಳ್ಳು. ಅಪ್ಪ ಹೊಡೆಯುತ್ತಾನೆ ಎಂದು ಎಲ್ಲರೂ ಕಾದರು. ಅವನ ಎಡಗೈ ಇನ್ನೂ ಗಟ್ಟಿಯಾಗಿತ್ತು. ಹೊಡೆಯಲಿಲ್ಲ. ರೆಸ್ಟಿಗೆ ಚೀಲ ತಾ ಎಂದು ಸನ್ನೆ ಮಾಡಿದ. ಬಟ್ಟೆಯನ್ನು ತೊಡೆಯ ಮೇಲೆ ಎಳೆದುಕೊಂಡು ಎಡಗೈಯ ಬೆರಳುಗಳನ್ನು ಅಂಚಿನುದ್ದಕ್ಕೂ ಓಡಿಸಿದ. ಸೂಜಿಯ ತೂತುಗಳು ಸಿಕ್ಕಿದಲ್ಲೆಲ್ಲ ಬೆರಳು ನಿಂತು ಮುಂದೆ ಹೋಯಿತು.

"ಕೊನೆಗೂ ಒಣಗ್ತಾ?" ಎಂದು ಮಗಳನ್ನು ಕೇಳಿದ.

ರೆಸ್ಟಿ ಅವನ ಕುರ್ಚಿಯ ಪಕ್ಕ ಬಂದು ನಿಂತಳು.

"ಎಷ್ಟು ಎತ್ತರ ಇತ್ತು ಗೋಡೆ?"

"ಚರ್ಚಿನಷ್ಟು," ಎಂದಳು.

"ಬೇರೆಯವರದೂ ಇತ್ತಾ?"

"ತುಂಬಾ ಜನರದು ಇತ್ತಪ್ಪ."

"ನಂದು ಎಲ್ಲಿತ್ತು?"

"ಮಧ್ಯದಲ್ಲಿ."

"ಹೆಸರು ಬರೆದಿದ್ರಾ?"

"ಬರೆದಿದ್ರು. ಊರೂ ಬರೆದಿದ್ರು."

ಅಪ್ಪನ ಮುಖದ ಬಿದ್ದುಹೋದ ಭಾಗ ಹಾಗೆಯೇ ಇತ್ತು. ಇನ್ನೊಂದು ಭಾಗ ಏನೋ ಲೆಕ್ಕ ಹಾಕುತ್ತಿತ್ತು.

"ಎಲ್ಲಾರದಕ್ಕಿಂತ ಚೆನ್ನಾಗಿತ್ತಾ?"

"ಚೆನ್ನಾಗಿತ್ತು."

"ಮತ್ತೆ ಯಾಕೆ ಇಳಿಸ್ಕೊಂಡು ಬಂದೆ?"

ರೆಸ್ಟಿಗೆ ಮೊದಲು ಕೇಳಿದ್ದು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕೈಯಲ್ಲಿದ್ದ ಶೂಗಳನ್ನು ಅಲ್ಲೇ ನೆಲಕ್ಕೆ ಹಾಕಿದಳು. ಗೊನ್ಜಾಗಾ ತಲೆ ಎತ್ತಿ ಏನೋ ಹೇಳಲು ಹೊರಟ. ಅಕ್ಕನ ಮುಖ ನೋಡಿ ತಲೆ ತಗ್ಗಿಸಿದ.

"ನಿಮಗೇ ಬೇಕಾಗಿತ್ತಲ್ಲಪ್ಪಾ," ಎಂದಳು. "ದಿನಾ ಕೇಳ್ತಿದ್ರಲ್ಲ. ನಿಮ್ಮಪ್ಪ, ತಾತ ನಗ್ತಾರೆ ಅಂತಿದ್ರಲ್ಲ."

"ಹೌದು, ಹೌದು. ಬೇಕು," ಎಂದ ಅಪ್ಪ, ಒಲ್ಲದ ಮನಸ್ಸಿನಿಂದ. "ಇರ್ಲಿ ಬಿಡು. ಕಂಪಾಲಾದೋರೂ ನೋಡಿದ್ರಲ್ಲ, ಅಷ್ಟು ಸಾಕು." ಆಮೇಲೆ ಹೇಳಿದ, "ಪೆಟ್ಟಿಗೇಲಿ ಇಡ್ಬೇಡ. ಇವನು ಮತ್ತೆ ಎತ್ಕೊಂಡೋಗ್ತಾನೆ. ಹೊದಿಸು. ಚಳಿ ಆಗ್ತಿದೆ."

"ಈಗ್ಲೇ ಹೊದಿಸ್ಬಾರ್ದು," ಎಂದು ಚಾಪೆಯ ಮೇಲಿನ ಮುದುಕಿಯೊಬ್ಬಳು ಗದರಿದಳು.

"ಯಾಕೆ? ರೇಡಿಯೋದಲ್ಲಿ ಹೇಳಿ ಆಯ್ತಲ್ಲ," ಎಂದ ಅಪ್ಪ.

ರೆಸ್ಟಿ ಬಟ್ಟೆಯನ್ನು ಬಿಡಿಸಿ ಅವನ ಕಾಲಿನಿಂದ ಎದೆಯವರೆಗೆ ಹೊದಿಸಿದಳು. ಇನ್ನೂ ಉದ್ದ ಉಳಿದಿತ್ತು. ಮಿಕ್ಕದ್ದನ್ನು ಮುಖದ ಕಡೆ ಹೋಗದ ಹಾಗೆ ಕೆಳಗೆ ಮಡಚಿದಳು. ಅಪ್ಪ ರೇಡಿಯೋದ ಕಿವಿ ತಿರುವಿ ಫುಟ್ಬಾಲ್ ಹಾಕಿಕೊಂಡ.

ಬೆಂಕಿಯ ಹತ್ತಿರ ಗೊನೆಗಳು ಬಿದ್ದಿದ್ದವು. ಇಷ್ಟು ಜನಕ್ಕೆ ಮಟೋಕೆಗೆ ಬಾಳೆಕಾಯಿ ಸಿಪ್ಪೆ ತೆಗೆದು, ಎಲೆ ಸುತ್ತಿ, ಬೇಯಿಸಬೇಕಿತ್ತು. ರೆಸ್ಟಿ ಚಾಕು ತೆಗೆದುಕೊಂಡಳು. ಒಂದು ಕಾಯಿ ಸುಲಿದಳು. ಎರಡನೆಯದನ್ನು ಕೈಯಲ್ಲಿ ಹಿಡಿದು ಹಾಗೇ ನಿಂತಳು. ಆಮೇಲೆ ಚಾಕುವನ್ನು ತಮ್ಮನ ಕಡೆ ಚಾಚಿದಳು.

"ತಗೋ."

"ನಾನಾ? ಗಂಡಸರು ಎಲ್ಲಾದರೂ ಸಿಪ್ಪೆ ತೆಗೀತಾರಾ ಅಕ್ಕ, ಎಲ್ಲರ ಮುಂದೆ?"

"ಬದುಕಿರೋರನ್ನ ಸಾಯಿಸಿದ್ದು ಗಂಡಸಲ್ವಾ? ಕೂತ್ಕೋ."

ಹೆಂಗಸರು ನಗುತ್ತ ಅವನಿಗೆ ಜಾಗ ಬಿಟ್ಟರು. ಅವನು ಕೂತ. ದಪ್ಪ ದಪ್ಪಗೆ ಸಿಪ್ಪೆ ತೆಗೆಯುವುದನ್ನು ನೋಡಿ ನಲೊಂಗೊ ಬೈಯತೊಡಗಿದಳು.

ರೆಸ್ಟಿ ಚಾಪೆಯ ಅಂಚಿನಲ್ಲಿ, ಸಾವಿಗೆ ಬಂದವರ ನಡುವೆ ಜಾಗ ಮಾಡಿಕೊಂಡು, ಖಾಲಿ ಚೀಲವನ್ನು ಮಡಚಿ ತಲೆಗಿಟ್ಟು ಮಲಗಿದಳು. ಅಪ್ಪ ಕೆಮ್ಮಿದ. ಅವಳಿಗೆ ಕೇಳಿಸಿತು. ಏಳಲಿಲ್ಲ.